ನಮ್ಮಾಕಿ ಹರಕಿ ಮತ್ತ ಸಿಗದ ಪಾನಾ

ನಮ್ಮ ಮನ್ಯಾಗ ಒಂದು ಸಣ್ಣ ಸಾಮಾನು ಕೆಟ್ಟರ ಆ ಸುದ್ದಿ ಮನ್ಯಾಗ ಉಳಿಯೂದಿಲ್ಲ. ಮಿಕ್ಸರ್ ಕೆಟ್ಟರ ಓಣಿ ತುಂಬ ಪಂಚಾಯ್ತಿ, ನೀರಿನ ಮೋಟಾರ್ ಕೆಟ್ಟರ ಬಜಾರ ತುಂಬ ಪಂಚಾಯ್ತಿ. ಈ ಸಲ ಒಂದು ಸೈಕಲ್ ಕೆಡ್ತು ನೋಡ್ರಿ, ನಾಕು ತಾಲೂಕು ಎದ್ದು ನಿಂತವು. ನಾ ಬೈಲಹೊಂಗಲದಾಗ ಬೀಜ-ಗೊಬ್ಬರದ ಅಂಗಡಿ ಇಟ್ಟಾಂವ. ದಿನಾ ಮಂದಿ ಕೂಡನ ನನ್ನ ಬಾಳೇವು. ಆದರೂ ನಮ್ಮ ಮಂದಿ ಎಂಥಾವರು ಅನ್ನೂದು ಆ ದಸರಾದಾಗನ ತಿಳೀತು. ಈಗ ನೆನಸಿಕೊಂಡ್ರೂ ಬೆರಗಾಗತೈತಿ.

ಬಡದರ ಹೋಗತೈತಿ

ನಮ್ಮಾಕಿಗೆ ಮೊಣಕಾಲ ಬ್ಯಾನಿ. ಡಾಕ್ಟರು ಸೈಕಲ್ ತುಳೀರಿ ಅಂದ್ರು. ಮಗಳು ಲಗ್ನ ಆಗಿ ಹೋಗುವಾಗ ಬಿಟ್ಟುಹೋಗಿದ್ದ ಗೇರಿನ ಸೈಕಲ್ ಹಿತ್ತಲದಾಗ ಧೂಳ ತಿನಕೋತ ನಿಂತಿತ್ತು. ಅದನ್ನ ಒರಿಸಿ, ಸೀರಿ ನೆರಿಗಿ ಎತ್ತಿ ಸಿಗಸಿಕೊಂಡು, ದಿನಾ ಮುಂಜಾನೆ ಹೊಂಟುಬಿಡಾಕಿ. ಓಣಿಯವರು ಮೊದಲು ನಕ್ರು, ಆಮ್ಯಾಲ ದಾರಿ ಬಿಟ್ರು. ಮಳಿಗಾಲ ಮುಗಿಯೂದ್ರಾಗ ಮೊಣಕಾಲು ನೆಟ್ಟಗಾದವು.

ಆ ಖುಷಿಗೆ ಒಂದು ಹರಕಿ ಹೊತ್ತಳು. "ದಸರಾ ದಿನ ಇದ ಸೈಕಲ್ ತುಳಕೊಂಡು ಸಿರಸಂಗಿಗೆ ಬಂದು ನಿನಗ ಕಾಯಿ ಒಡಸತೇನಿ, ಕಾಳಮ್ಮ ತಾಯಿ" ಅಂತ. ಮೊದಲು ದೇವಿಗೆ ಹೇಳಿದ್ಲು, ಆಮ್ಯಾಲ ನನಗ. ದೇವಿ ಒಪ್ಪಿದ ಮ್ಯಾಲ ನಡುವ ನನ್ನದೇನು?

ಹಬ್ಬಾ ಹತ್ತಿರ ಬಂತು ಅನ್ನೂದ್ರಾಗ ಹಿಂದಿನ ಗಾಲಿ ಕಡ್ಡಿ ಠಣ್ ಅಂತ ಮುರದವು. ಅದೂ ಗೇರಿನ ಬಾಜೂದವು. ನಮ್ಮ ಬಜಾರದ ಸೈಕಲ್ ಅಂಗಡಿಯಾಂವ ಗಾಲಿ ಎತ್ತಿ ಹಿಡದು ನೋಡಿದ. "ಹೊಸಾ ಕಡ್ಡಿ ಹಾಕಬೇಕಂದ್ರ ಈ ಹಲ್ಲುಗಾಲಿಗಳ ಗೊಂಚಲಾ ಬಿಚ್ಚಬೇಕ್ರಿ. ನಡುವ ತೂತಿನಾಗ ಸಣ್ಣ ಸಣ್ಣ ಗೆರಿ ಅದಾವಲ್ಲ, ಅದರಾಗ ಬರೋಬ್ಬರಿ ಕೂಡೂ ಪಾನಾ, ಅಂದ್ರ ಸ್ಪ್ಯಾನರ್, ಬೇಕು. ಅದು ನನ್ನ ಕಡೆ ಇಲ್ಲ" ಅಂದ. ಮತ್ತ ಒಂದ ಸಲ ಗೊಂಚಲಾ ಮುಟ್ಟಿ ನೋಡಿ ಹೇಳಿದ, "ನಮ್ಮಪ್ಪ ಒಂದ ಹಲ್ಲುಗಾಲಿ ಮ್ಯಾಲ ಜಲ್ಮಾ ಕಳದ್ನರಿ. ಅಕ್ಕಾರಿಗೆ ಇಷ್ಟ್ಯಾಕ?"

"ಏರಿಗೆ ಬ್ಯಾರೆ, ಇಳಿಜಾರಿಗೆ ಬ್ಯಾರೆ" ಅಂದ್ಲು ನಮ್ಮಾಕಿ.

ಆಂವ ತಲಿ ತೂಗಿ ಒಳಗ ಹೋಗಿ ಉಳಿ, ಸುತ್ತಿಗಿ ತಂದ. "ಹಳೇ ಸೈಕಲ್‌ಗೆ ಹಿಂಗ ಮಾಡತೇನ್ರಿ. ಬಡದರ ಹೋಗತೈತಿ."

"ಏನ ಹೋಗತೈತಿ?" ಅಂತ ನಾ ಕೇಳಿದೆ.

"ನಶೀಬ ಇದ್ದರ ಗೊಂಚಲಾ ಹೋಗತೈತಿ. ಇಲ್ಲಾಂದ್ರ ಗಾಲಿ ಹೋಗತೈತಿ."

ನಮ್ಮಾಕಿ ಗಾಲಿ ಕಸಗೊಂಡು ಸೆರಗಿನಾಗ ಮುಚ್ಚಿಕೊಂಡ್ಲು.

ಕಿತ್ತೂರಿನ ಡಬ್ಬಿ

ಫೋನಿನಾಗ ತರಿಸೂಣು ಅಂದ್ರ ಹಬ್ಬಾ ಆದಮ್ಯಾಲ ಬರತೈತಿ ಅಂತ ತೋರಿಸ್ತು. ಬ್ಯಾರೆ ಸೈಕಲ್ ಇಸಗೊಂಡು ಹೋಗು ಅಂದ್ರ ನಮ್ಮಾಕಿ ಕಣ್ಣ ತಗದ್ಲು. "ಮೊಣಕಾಲು ನೆಟ್ಟಗ ಮಾಡಿದ್ದು ಇದು. ಹರಕಿ ಹೇಳಿದ್ದೂ ಇದರ ಮ್ಯಾಲ. ದೇವರ ಕೂಡ ಅದಲಬದಲ ಮಾಡಾಕ ಬರತೈತೇನ್ರಿ?"

ಕಿತ್ತೂರಿನಾಗ ನನ್ನ ಗುರುತಿನ ಹಾರ್ಡ್‌ವೇರ್ ಅಂಗಡಿ ಐತಿ. ಗಾಲಿ ತೊಡಿ ಮ್ಯಾಲ ಇಟಗೊಂಡು ಬಸ್ಸಿನಾಗ ಕುಂತೆ. ಕಂಡಕ್ಟರು ನನ್ನ ನೋಡಿ, "ಉಳದದ್ದು ಎಲ್ಲೈತ್ರಿ?" ಅಂದ. ಮನ್ಯಾಗ ಐತಿ ಅಂದೆ. ಅಷ್ಟ ಸಾಕಾತು. ಹಿಂದಿನವರು ಗಾಲಿ ಇಸಗೊಂಡ್ರು, ತಿರುವಿದ್ರು, ಟಿಕಿಟಿಕಿಟಿಕಿ ಅಂತು. ಅಲ್ಲಿಂದ ಅದು ಕೈಯಿಂದ ಕೈಗೆ ಡ್ರೈವರ್ ತನಕ ಹೋಗಿ ಬಂತು. ಎಲ್ಲಾರೂ ತಿರುವಿದ್ರು, ಎಲ್ಲಾರೂ ಕಿವಿ ಕೊಟ್ಟು ಕೇಳಿದ್ರು, ಎಲ್ಲಾರೂ "ಪಾನಾ ಬೇಕ್ರಿ ಇದಕ್ಕ" ಅಂದ್ರು.

ನನ್ನ ಬಾಜೂಕ ಒಬ್ಬ ಟ್ರ್ಯಾಕ್ಟರ್ ಡ್ರೈವರ್ ಕುಂತಿದ್ದ. ಎಂ.ಕೆ. ಹುಬ್ಬಳ್ಳಿ ಫ್ಯಾಕ್ಟರಿಗೆ ಕಬ್ಬು ಹೇರಾಂವ. ಒಂದು ಗಲ್ಲ ಬಾತು ಉಬ್ಬಿತ್ತು. ಕಿತ್ತೂರು ಬರತಿದ್ದಂಗ ನನ್ನ ಸಂಗಾಟ ಇಳದು, "ನಡೀರಿ, ನಾನೂ ಹುಡುಕತೇನಿ" ಅಂದ.

"ನಿಮಗ ಕೆಲಸಾ ಇರಬೇಕಲ್ರಿ?"

"ಹಲ್ಲ ಕೀಳಸಾಕ ಹೊಂಟಿದ್ದೆ. ಅದು ಎಲ್ಲಿ ಹೋಗತೈತಿ, ಬಾಯಾಗ ಇರತೈತಿ."

ಅಂಗಡಿ ಮಾಲಕರು ಗಾಲಿ ನೋಡಿದ ಕೂಡಲೆ ಗಿರಾಕಿ ಎಲ್ಲಾರನ್ನೂ ಬಾಜೂಕ ನಿಲ್ಲಿಸಿದ್ರು. ಅಟ್ಟದ ಮ್ಯಾಲಿಂದ ಒಂದು ತಗಡಿನ ಡಬ್ಬಿ ಇಳಿಸಿ ನೆಲಕ್ಕ ಸುರವಿದ್ರು. ಅವರ ಅಜ್ಜನ ಕಾಲದಿಂದ ಕೂಡಿಟ್ಟ ಪಾನಾ. ಯಾವದು ಯಾತಕ್ಕ ಅನ್ನೂದು ಯಾರಿಗೂ ಗೊತ್ತಿಲ್ಲ. ಗಿರಾಕಿನೂ ಕುಕ್ಕರಗಾಲಿಲೆ ಕುಂತು ಒಂದೊಂದ ಎತ್ತಿ ತೂತಿನಾಗ ಇಟ್ಟು ನೋಡಾಕ ಹತ್ತಿದ್ರು. ಸಿಮೆಂಟ್ ಒಯ್ಯಾಕ ಬಂದವರು ಸಿಮೆಂಟ್ ಮರತ್ರು. ಕಡೀಕ ಒಂದು ಪಾನಾ ಒಳಗ ಹೋತು. ಎಲ್ಲಾರೂ ಉಸರು ಬಿಗಿ ಹಿಡದ್ರು. ತಿರುವಿದ್ರ ಪಾನಾ ಒಂದ ಸುಮ್ಮನ ಗರಗರ ತಿರಗತು, ಗಾಲಿಗೂ ಅದಕ್ಕೂ ಸಂಬಂಧನ ಇಲ್ಲದಂಗ.

ನನ್ನ ಮಾರಿ ಸಣ್ಣದಾತು. ಮಾಲಕರು ಮಾತ್ರ ಭಾಳ ಸಂತೋಷದಾಗ ಆ ಪಾನಾ ಒರಿಸಿ ಬ್ಯಾರೆ ಇಟ್ರು. "ಇಷ್ಟು ವರ್ಷ ಇದು ಯಾತರ ಪಾನಾ ಅಂತ ತಿಳದಿರಲಿಲ್ರಿ. ಇವತ್ತ ಒಂದು ಖಾತ್ರಿ ಆತು. ಇದು ಸೈಕಲ್‌ದಲ್ಲ."

ರಾಮದುರ್ಗದ ಕೆತ್ತಿಗಿ

ರಾಮದುರ್ಗದಾಗ ನನ್ನ ಷಡ್ಡಕರು ಅದಾರ. ಸೀರಿ ನೇಯಿಸೂ ವ್ಯಾಪಾರ. ಅವರಿಗೆ ಗಾಲಿ ಫೋಟೋ ಕಳಿಸಿದ್ದೆ. ಖಂಡೆನವಮಿ ಹಿಂದಿನ ದಿನ ಫೋನ್ ಬಂತು. "ಪಾನಾ ತಯಾರ್ ಐತಿ, ಗಾಲಿ ತಗೊಂಡ ಬರ್ರಿ. ನಮ್ಮ ಮಗ್ಗದ ಬಡಿಗ್ಯಾನ ಕೈಲೆ ಮಾಡಿಸೇನಿ."

ಬಡಿಗ್ಯಾ ಅಂದಾಗನ ನನಗ ತಿಳೀಬೇಕಿತ್ತು. ನಾನೂ ನಮ್ಮಾಕಿನೂ ಹೋಗಿ ನೋಡತೇವಿ, ಸಾಗವಾನಿ ಪಾನಾ! ಆದರ ಏನ ಕೆತ್ತಿಗಿ ಅಂತೀರಿ! ಸಣ್ಣ ಸಣ್ಣ ಗೆರಿ, ಒಂದಕ್ಕಿಂತ ಒಂದು ನೀಟ, ಹಿಡಿಕಿಗೆ ಬಳ್ಳಿ ಬ್ಯಾರೆ. ಗಾಲ್ಯಾಗ ಇಟ್ಟರ ಒಂದು ಕೂದಲಾ ಹೋಗೂವಷ್ಟು ಸಂದಿ ಇಲ್ಲ. ನೋಡೀನ ನಾ ಕೈ ಮುಗದೆ. ಷಡ್ಡಕರು ಜೋರಿಲೆ ತಿರುವಿದ್ರು. ಚಟಚಟ ಅಂತ ಗೆರಿ ಎಲ್ಲಾ ಉದುರಿ ಅವರ ಧೋತರದ ಮ್ಯಾಲ ಬಿದ್ದವು.

ಬಡಿಗ್ಯಾಗ ಸ್ವಲ್ಪನೂ ಬ್ಯಾಸರ ಆಗಲಿಲ್ಲ. "ಕೂಡೂದು ಹ್ಯಾಂಗ ಕೂಡತು ನೋಡಿದ್ರಿಲ್ಲೋ?" ಅಂದ.

"ಅಲ್ಲೋ ಮಾರಾಯಾ, ಅಳತಿ ಇಷ್ಟು ಬರೋಬ್ಬರಿ ಹ್ಯಾಂಗ ಸಿಕ್ಕತು ನಿನಗ?"

"ಸವದತ್ತ್ಯಾಗ ಒಬ್ಬರ ಲೇತ್ ಅಂಗಡ್ಯಾಗ ಇಂಥಾದ್ದ ಕಬ್ಬಿಣದ್ದು ಐತಲ್ರಿ. ಮೊನ್ನೆ ಹೋಗಿ ಅದನ್ನ ಮುಂದ ಇಟಗೊಂಡ ಅಳತಿ ತಗೊಂಡೇನಿ."

ನಾವು ಮೂರೂ ಮಂದಿ ಒಬ್ಬರ ಮಾರಿ ಒಬ್ಬರು ನೋಡಿದ್ವಿ. "ಮತ್ತ ಆ ಕಬ್ಬಿಣದ್ದನ್ನ ಇಸಗೊಂಡ ಬರಬಾರದೇನೋ!" ಅಂತ ಷಡ್ಡಕರು ಒದರಿದ್ರು.

"ಮಾಡು ಅಂದ್ರಿ ಸಾಹುಕಾರ್ರ, ಮಾಡಿದೆ. ತಗೊಂಡ ಬಾ ಅನ್ನಲಿಲ್ಲ."

ಸವದತ್ತ್ಯಾಗ ಕಟ್ಟಿ ಮ್ಯಾಲ ಕುಂತ ಪಾನಾ

ಮರುದಿನ ಸವದತ್ತಿ ಮುಟ್ಟಿದ್ವಿ. ಅವತ್ತ ಖಂಡೆನವಮಿ, ಆಯುಧಪೂಜಾ. ಲೇತ್ ಅಂಗಡಿ ತೊಳದು, ಬಾಳಿಕಂಬ ಕಟ್ಟಿ, ಇದ್ದಬಿದ್ದ ಸಾಮಾನಿಗೆಲ್ಲಾ ಇಬತ್ತಿ ಹಚ್ಚಿದ್ರು. ನಟ್ಟನಡುವ ನಾಕು ಕಾಲಿನ ಕಟ್ಟಿ ಅಂಚಿನಾಗ, ಸಾಮಾನು ಬಿಗಿ ಹಿಡಿಯೂ ವೈಸ್‌ನ ಬಾಯಾಗ, ನಮ್ಮ ಪಾನಾ ನೆಟ್ಟಗ ನಿಂತಿತ್ತು! ಕುಂಕುಮ ಏರಿಸಿ, ತಲಿ ಮ್ಯಾಲ ಒಂದು ಚೆಂಡುಹೂವು. ಬಂಗಾರ ಕಂಡಂಗ ಆತು ನನಗ.

ಮಾಲಕರು ಹೇಳಿದ್ರು, "ಮೋಡಕಾ ಗುಜರಿ ಸಾಮಾನಿನಾಗ ಬಂದದ್ದರಿ. ಯಾತಕ್ಕೂ ಉಪಯೋಗ ಬಿದ್ದಿಲ್ಲ. ಸಣ್ಣದು, ಹೂವಿನಾಗ ಮುಚ್ಚಿಹೋಗಬಾರದಂತ ಬಿಗದು ನಿಲ್ಲಿಸೇನಿ. ಆದರ ಈಗ ಪೂಜಾ ಆಗೇತಿ. ನಾಳೆ ಸಂಜಿಗೆ ಬನ್ನಿ ಕೊಟ್ಟ ಮ್ಯಾಲನ ತಗಿಯೂದು."

ನಮ್ಮಾಕಿ ಕಣ್ಣಾಗ ನೀರು ಬಂತು. "ನಾಳೆ ಸಂಜಿಗೆ ನನ್ನ ದಸರಾನ ಮುಗೀತೈತಲ್ಲರಿ ಅಣ್ಣಾರ. ಮಾತು ಕೊಟ್ಟು ಕುಂತೇನಿ, ಆ ತಾಯಿಗೆ ಏನಂತ ಮಾರಿ ತೋರಸಲಿ?" ಅಂದ್ಲು. ಮಾಲಕರಿಗೆ ಕೊಡೂ ಮನಸ್ಸು ಐತಿ, ಮುಟ್ಟೂ ಧೈರ್ಯ ಇಲ್ಲ. ಪೂಜಾಕ್ಕ ಬಂದಿದ್ದ ಅಯ್ಯನವರ ಕಡೆ ನೋಡಿದ್ರು.

ಅಯ್ಯನವರು ಭಾಳೊತ್ತು ಪಾನಾ ನೋಡಿದ್ರು, ಗಾಲಿ ನೋಡಿದ್ರು. "ಪಾನಾ ಎತ್ತಬ್ಯಾಡ್ರಿ. ಅದು ಕುಂತಲ್ಲೇ ಕೂಡಲಿ. ಗಾಲಿನ ಅದರ ಮ್ಯಾಲ ಇಟ್ಟು ತಿರುವ್ರಿ. ಪಾನಾ ದುಡದಂಗ ಆಗೂದಿಲ್ಲ, ಗಾಲಿ ಪ್ರದಕ್ಷಿಣಿ ಹಾಕಿದಂಗ ಆಗತೈತಿ."

"ಭಲೇ!" ಅಂದ್ವಿ ಎಲ್ಲಾರೂ. ಗೇರಿನ ಬಾಜೂ ಕೆಳಗ ಮಾಡಿ ಗಾಲಿ ಇಡೂವಾಗ ಚೆಂಡುಹೂವು ಬಲಕ್ಕ ಬಿತ್ತು. ಅಯ್ಯನವರು "ಅಪ್ಪಣಿ ಆತು" ಅಂದ್ರು. ಪಾನಾ ಕಟಕ್ ಅಂತ ಕೂಡತು. ನಾನು, ಮಾಲಕರು, ಅಯ್ಯನವರು ಗಾಲಿ ಹಿಡದು ಬಲಕ್ಕ ತಿರುವಿದ್ವಿ. ಗುಡಿಗೆ ಬಲಾ ಬಂದಂಗ, ಭಕ್ತಿಲೆ. ಗಾಲಿ ಜಪ್ಪ ಅನ್ನಲಿಲ್ಲ. ನನ್ನ ಅಂಗಿ ಬಗಲಾಗ ಹರೀತು.

ಮಾಲಕರು ಒಮ್ಮಿಗೆ ಕೈ ಬಿಟ್ರು. "ತಡೀರಿ ತಡೀರಿ! ಹಿಂಗಾದ್ರ ಇನ್ನಷ್ಟು ಬಿಗೀತೈತಿ. ಇದು ಬಿಚ್ಚಬೇಕಂದ್ರ ಎಡಕ್ಕ ತಿರುವಬೇಕು."

ಎಡಕ್ಕಂದ್ರ ಅಪ್ರದಕ್ಷಿಣಿ! ಪೂಜಾ ಆದ ಸಾಮಾನಿಗೆ! ಎಲ್ಲಾರೂ ಕೆಂಡಾ ಮುಟ್ಟಿದಂಗ ಹಿಂದಕ್ಕ ಸರದ್ರು. ಅಯ್ಯನವರು ಕಣ್ಣ ಮುಚ್ಚಿದ್ರು.

ನಮ್ಮಾಕಿ ನೆರಿಗಿ ಸರಿಮಾಡಿಕೊಂಡು ಕಟ್ಟಿ ಕೆಳಗ ಬಗ್ಗಿ, ಮಾರಿ ಮ್ಯಾಲ ಮಾಡಿ ಗಾಲಿ ನೋಡಿದ್ಲು. ಎದ್ದು ಕೇಳಿದ್ಲು, "ಅಯ್ಯನವರ, ಈಗ ದೇವಿ ಎಲ್ಲಿ ಕುಂತಾಳ್ರಿ?"

"ಪಾನಾದಾಗ ಕುಂತಾಳವ್ವಾ."

"ಪಾನಾ ಗಾಲಿ ಕೆಳಗ ಐತಿ. ಅಂದಮ್ಯಾಲ ಆಕಿ ಕೆಳಗಿಂದ ನೋಡತಾಳ. ನೀವೂ ಕೆಳಗಿಂದ ನೋಡ್ರಿ." ಹಂಗಂದು ಗಾಲಿ ಸ್ವಲ್ಪ ಎತ್ತಿ ಹಿಡದು ಎಡಕ್ಕ ತಿರುವಿದ್ಲು.

ಅಯ್ಯನವರು ಬಗ್ಗಿದ್ರು. ಮಾಲಕರು ಬಗ್ಗಿದ್ರು. ನಾನೂ ಈ ಹೊಟ್ಟಿ ಹೊತಗೊಂಡು ಬಗ್ಗಿದೆ. ಕೆಳಗಿಂದ ನೋಡತೇವಿ, ಗಾಲಿ ಬಲಕ್ಕ ತಿರಗಾಕತ್ತೈತಿ! ಮೂರು ಮಂದಿ ಕಟ್ಟಿ ಕೆಳಗ ಬಾಯಿ ತಗದು ಕುಂತಬಿಟ್ವಿ. "ಹೌದಲ್ಲವಾ!" ಅಂತ ಅಯ್ಯನವರು ಎದ್ದಾಗ ಅವರ ತಲಿ ಕಟ್ಟಿಗೆ ಬಡೀತು. ಅದರ ಖಬರೂ ಅವರಿಗೆ ಇರಲಿಲ್ಲ.

ಗಾಲಿ ಮತ್ತ ಪಾನಾದ ಮ್ಯಾಲ ಕೂಡಿಸಿ ಎಡಕ್ಕ ಜಗ್ಗಿದ್ವಿ. ಫಟ್ ಅಂತು. ಗೊಂಚಲಾ ಸಡಲಾತು. ಅಂಗಡಿ ಮುಂದ ಕೂಡಿದ್ದ ಮಂದಿ "ಉಧೋ ಉಧೋ" ಅಂದ್ರು. ನಮ್ಮಾಕಿ ಚೀಲದಿಂದ ಹೊಸಾ ಕಡ್ಡಿ, ಕಡ್ಡಿ ಬಿಗಿಯೂ ಸಣ್ಣ ಕೀಲಿ ತಗದು ಮಾಲಕರಿಗೆ ಕೊಟ್ಲು. "ಈ ಕೀಲಿಗೆ ಇನ್ನಾ ಪೂಜಾ ಆಗಿಲ್ಲರಿ, ಧಾರಾಳ ದುಡಸ್ರಿ."

ಸಿರಸಂಗಿ

ದಸರಾ ದಿನ ಆಕಿ ಸೈಕಲ್ ಮ್ಯಾಲ ಮುಂದ, ನಾ ಸ್ಕೂಟರ್ ಮ್ಯಾಲ ಹಿಂದ. ಚಚಡಿ ದಾಟಿದ್ವಿ, ಆಕಿ ಏರಿಗೊಂದು ಇಳಿಜಾರಿಗೊಂದು ಗೇರ್ ಬದಲಿ ಮಾಡಕೋತ ಹೊಂಟಾಳ. ಬಿತ್ತಾಕ ಹೊಲಕ್ಕ ಹೊಂಟವರು ನಿಂತು ನೋಡತಿದ್ರು. ಇಷ್ಟು ವರ್ಷ ಬಾಳೇ ಮಾಡೇನಿ, ಈಕಿ ಯಾರು ಅಂತ ನನಗ ಅವತ್ತ ಕಂಡಂಗ ಆತು.

ಕಾಳಮ್ಮನ ಗುಡ್ಯಾಗ ಕಾಯಿ ಒಡಸಿದ್ಲು. ಆಮ್ಯಾಲ ಕಣ್ಣ ಮುಚ್ಚಿ, ಎರಡೂ ಗಲ್ಲ ಬಡಕೊಂಡು ಭಾಳೊತ್ತು ನಿಂತ್ಲು. ಹೊರಗ ಬಂದಮ್ಯಾಲ ಕೇಳಿದೆ, "ಅಷ್ಟೊತ್ತು ಏನ ಬೇಡಿಕೊಂಡಿ?"

"ಬೇಡೂದೇನ್ರಿ, ತಪ್ಪಾತು ಅಂದೆ. ನಿನ್ನೆ ಎಡಕ್ಕ ತಿರುವಿದ್ವಲ್ಲ."

"ಅಲ್ಲಾ, ಕೆಳಗಿಂದ ನೋಡಿದ್ರ ಬಲಕ್ಕ ಅಂತ ನೀನ ಹೇಳಿದ್ಯಲ್ಲ!"

ನಮ್ಮಾಕಿ ಸೈಕಲ್ ಸ್ಟ್ಯಾಂಡ್ ತಗದ್ಲು. "ಅದು ನಿಮ್ಮ ಗಂಡಸರಿಗೆ ಹೇಳಿದ್ದರಿ. ಆಕಿ ಹೆಣ್ಣದೇವರು, ಆಕಿ ಮುಂದ ಇಂಥಾವೆಲ್ಲಾ ನಡೀತಾವೇನ್ರಿ?"