ಸುನೀಲ ಸೌಂಡ್ಸಿನ ವೋಲ್ಟೇಜು

ಕಲೆಗೆ ಕೇಡುಗಾಲ ಬಂದಿದೆ ಎಂಬ ಸುದ್ದಿ ಸುನೀಲಕುಮಾರನಿಗೆ ಮುಟ್ಟಿದ್ದು ಊಟದ ತಾಟಿನ ಮುಂದೆ. ಬಿಸಿ ರೊಟ್ಟಿ ಮುರಿದು ಎಣ್ಣೆಗಾಯಿಯ ಮೇಲೆ ಕೈ ಇಡುವಷ್ಟರಲ್ಲಿ ಮೊಬೈಲು ಬಡಿದುಕೊಂಡಿತು. ಹಾವೇರಿಯಿಂದ ಹೆಂಡತಿಯ ತಮ್ಮ ಚೇತನಕುಮಾರ.

"ಮಾಮಾ, ತಂಗಿ ಭುವನಾನ ಮದಿವಿಗೆ ಸೌಂಡ್ ನಾನ ತರ್ತೇನಿ. ಲ್ಯಾಪ್‌ಟಾಪ್ ತಗೊಂಡೇನಿ. ಅದರಾಗೊಂದು ಗುಂಡಿ ಐತಿ ನೋಡ್ರಿ, ಒತ್ತಿದ್ರ ಸಾಕು, ಎರಡು ಹಾಡು ತಾವ ತಾಳ ಕೂಡಿಸಿಕೊಂಡು ಒಂದರ ಬೆನ್ನಿಗೊಂದು ಬರ್ತಾವ. ನೀವು ಆರಾಮ ಉಂಡು ಅಡ್ಡ್ಯಾಡ್ರಿ!"

ಆರಾಮವಾಗಿ ಉಂಡು ಅಡ್ಡಾಡುವುದೆಂದರೆ ಸುನೀಲಕುಮಾರನಿಗೆ ಬೇರೆ ದಿನಗಳಲ್ಲಿ ಬಹಳ ಪ್ರೀತಿ. ಆದರೆ ಅಂದು ಆ ಮಾತು ಎದೆಗೆ ನಾಟಿತು. ರಾಣೆಬೆನ್ನೂರಿನ ಮೇಡ್ಲೇರಿ ರಸ್ತೆಯಲ್ಲಿ 'ಸುನೀಲ ಸೌಂಡ್ಸ್' ಎಂಬ ಬೋರ್ಡು ಹಾಕಿಕೊಂಡು, ಊರ ಮದುವೆ ಮುಂಜಿಗಳಿಗೆಲ್ಲ ಹಾಡು ಹಾಕುತ್ತ ಬಂದವನು ಅವನು. ಮೊದಲೆಲ್ಲ ಒಂದು ಹಾಡು ಮುಗಿದ ಮೇಲೆ ಇನ್ನೊಂದು ಹಾಕುವುದು. ನಡುವಿನ ಸಂದಿಯಲ್ಲಿ ಜನ ಸೀಟಿ ಹೊಡೆದು ಅವನ ಮನೆತನವನ್ನೆಲ್ಲ ನೆನೆಯುವುದು. ಆದರೆ ಈ ಎರಡು ಸಾವಿರದ ಎಂಟನೆಯ ಇಸವಿಯಲ್ಲಿ ಅವನು ಸಾಮಾನ್ಯ ಸೌಂಡಿನವನಾಗಿ ಉಳಿದಿರಲಿಲ್ಲ. ಸ್ಟೇಶನ್ ಹತ್ತಿರದ ಯೂಸುಫಸಾಬನ ಅಂಗಡಿಯಿಂದ ಸೆಕೆಂಡ್‌ಹ್ಯಾಂಡ್ ಸಿಡಿ ಪ್ಲೇಯರಿನ ಜೋಡಿಯೊಂದನ್ನು ತಂದು, ಒಂದರಲ್ಲಿ ಹಾಡು ನಡೆದಿರುವಾಗಲೇ ಇನ್ನೊಂದರ ವೇಗ ಹೆಚ್ಚು ಕಡಿಮೆ ಮಾಡಿ, ಹೆಜ್ಜೆಗೆ ಹೆಜ್ಜೆ ಕೂಡಿಸಿ ಒಳಗೆ ಬಿಡುವ ಮಹಾವಿದ್ಯೆಯನ್ನು ಮನೆಯಲ್ಲೇ ಕುಳಿತು ಸಾಧಿಸಿದ್ದ. (ಗುರು ಇಲ್ಲ. ಗುರಿಯೂ ನೆರೆಹೊರೆಯವರ ಪ್ರಕಾರ ಇರಲಿಲ್ಲ.)

"ಕಲೆ ಸತ್ತು ಹೋತು, ಪುಷ್ಪಾ!" ಎಂದು ಕೂಗಿದ.

"ಸಾಯ್ಲಿ ಬಿಡ್ರಿ, ಮೊದಲ ರೊಟ್ಟಿ ತಿನ್ರಿ, ಆರಾಕತ್ತೈತಿ," ಎಂದಳು ಅಡಿಗೆಮನೆಯಿಂದ ಪುಷ್ಪಲತಾ.

"ಗುಂಡಿ ಒತ್ತಿದ್ರ ಹಾಡು ಕೂಡ್ತಾವಂತ! ಅದು ಕಲೆ ಅಲ್ಲ, ಹಿಟ್ಟಿನ ಗಿರಣಿ! ಬೆರಳಿನ ವಿದ್ಯೆ ಅನ್ನೂದೊಂದು ಐತಿಲ್ಲೋ? ಮನಷ್ಯಾ ಬೆವರು ಸುರಿಸದ ಯಾವುದಕ್ಕ ರುಚಿ ಬರ್ತೈತಿ?"

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಪುಷ್ಪಲತಾ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು.

"ಹಾವೇರಿ ವಸ್ತುಪ್ರದರ್ಶನದಾಗ ರೊಟ್ಟಿ ಮಾಡೂ ಮಷಿನ್ ನೋಡಿ ಬಂದಾಗೂ ಹಿಂಗ ಭಾಷಣಾ ಮಾಡಿದ್ರಿ. 'ಮಷಿನ್ನಿನ ರೊಟ್ಟಿ ರೊಟ್ಟಿ ಅಲ್ಲ, ರಟ್ಟು' ಅಂದ್ರಿ. ನಿಮಗ ಕಲೆ ಬಂದಾಗೆಲ್ಲಾ ಬೆವರು ನಂದ ಯಾಕ ಸುರೀತೈತೋ!"

ಸುನೀಲಕುಮಾರ ಎದ್ದು ಹೆಡ್‌ಫೋನು ಹಾಕಿಕೊಂಡ, ಅದೂ ಒಂದೇ ಕಿವಿಗೆ. ದೊಡ್ಡ ಡೀಜೆಗಳೆಲ್ಲ ಒಂದು ಕಿವಿ ತೆರೆದಿಟ್ಟಿರುತ್ತಾರೆಂದು ಎಲ್ಲೋ ಫೋಟೋದಲ್ಲಿ ಕಂಡಿದ್ದ.

ಅಂದಿನಿಂದ ಮನೆಯಲ್ಲಿ ಘೋರ ತಪಸ್ಸು ಸುರುವಾಯಿತು. ಬೆಳಗಾದರೆ ಸಾಕು, ಒಳಗೆ ಪುಷ್ಪಲತಾ ಹಲಗೆಯ ಮೇಲೆ ರೊಟ್ಟಿ ಬಡಿಯುವುದು, ಹೊರಗೆ ಸುನೀಲಕುಮಾರ ಹಾಡಿಗೆ ಹಾಡು ಕೂಡಿಸುವುದು. ಬೆರಳು ವೇಗ ಏರಿಳಿಸುವ ಕಡ್ಡಿಯ ಮೇಲೆ ಜಾರಿದರೆ ಎರಡು ಹಾಡು ಬೆಣ್ಣೆಯಂತೆ ಬೆರೆಯುತ್ತಿದ್ದವು. ತನ್ನ ವಿದ್ಯೆಗೆ ತಾನೇ ಬೆರಗಾಗಿ ಅವನು ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಿದ್ದ. ಆದರೆ ನಡುನಡುವೆ ಒಂದು ಕಾಟವಿತ್ತು. ಒಳಗೆ ಹಾಲು ಉಕ್ಕಿತೆಂದೋ, ಬಾಗಿಲಿಗೆ ತರಕಾರಿಯವಳು ಬಂದಳೆಂದೋ ಪುಷ್ಪಲತಾ ಎದ್ದ ಗಳಿಗೆಗೇ ಹಾಡುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು. ಅನ್ನ ಸಾರು ಮಾಡಿದ ದಿನವಂತೂ ಒಂದೂ ಕೂಡುತ್ತಿರಲಿಲ್ಲ.

"ವೋಲ್ಟೇಜ್ ಸರಿ ಇಲ್ಲ," ಎನ್ನುತ್ತಿದ್ದ ಸುನೀಲಕುಮಾರ, ವಿದ್ಯುತ್ ಕಂಬದ ಕಡೆಗೆ ದುರುದುರು ನೋಡುತ್ತ.

ಪುಷ್ಪಲತಾ ಸೆರಗಿನಿಂದ ಬಾಯಿ ಒರೆಸಿಕೊಂಡು ಒಳಗೆ ಹೋಗುತ್ತಿದ್ದಳು. ಬಾಯಿಗೆ ಏನು ಹತ್ತಿತ್ತೋ, ಆಗ ಅವನಿಗೆ ಹೊಳೆಯಲಿಲ್ಲ.

ಇಷ್ಟೆಲ್ಲ ಹಟ ಯಾಕೆಂದರೆ, ಬ್ಯಾಡಗಿಯ ಮಾವ ಅಜ್ಜಪ್ಪನವರು. ಮೆಣಸಿನಕಾಯಿ ವ್ಯಾಪಾರಿ, ಮಾತು ಕಡಿಮೆ, ಮೀಸೆ ಹೆಚ್ಚು. ಮದುವೆಯಾದಂದಿನಿಂದ ಅವರು ಅಳಿಯನನ್ನು ಯಾರಿಗೆ ಪರಿಚಯ ಮಾಡಿಕೊಟ್ಟರೂ ಮಾತು ಒಂದೇ: "ಇವ್ರು ನಮ್ಮ ಅಳ್ಯಾರು. ರಾಣೆಬೆನ್ನೂರಾಗ… ಅದೇನೋ ಲೈಟಿಂದ ಮಾಡ್ತಾರ." ಆ 'ಅದೇನೋ' ಎಂಬ ಮೂರಕ್ಷರ ಸುನೀಲಕುಮಾರನಿಗೆ ಕಣ್ಣಲ್ಲಿ ಬಿದ್ದ ಬ್ಯಾಡಗಿ ಖಾರದ ಪುಡಿ. ಒಮ್ಮೆಯಾದರೂ ನಾಲ್ಕು ಜನರೆದುರು ಮಾವ 'ನಮ್ಮ ಮನೀ ಡೀಜೆ' ಎಂದು ಬಾಯಿ ತುಂಬ ಅನ್ನಬೇಕು! ಭುವನಾಳ ಮದುವೆ ಅದಕ್ಕೆ ತಕ್ಕ ಮುಹೂರ್ತವೆಂದು ಅವನು ಎಂದೋ ಗೊತ್ತುಮಾಡಿಕೊಂಡಿದ್ದ. ನಡುವೆ ಈ ಹಾವೇರಿಯ ಗುಂಡಿ ಬಂತು.

ಮದುವೆಯ ಹಿಂದಿನ ದಿನ ಟೆಂಪೋ ತುಂಬ ಸ್ಪೀಕರ್ ಡಬ್ಬ ಹೇರಿಕೊಂಡು ಸುನೀಲಕುಮಾರ ಬ್ಯಾಡಗಿಗೆ ಬಂದರೆ, ಮನೆಯ ಮುಂದಿನ ಹಂದರದಲ್ಲಿ ಚೇತನಕುಮಾರ ಆಗಲೇ ಲ್ಯಾಪ್‌ಟಾಪು ಬಿಚ್ಚಿಕೊಂಡು ಕುಳಿತಿದ್ದ. ಇಬ್ಬರೂ ಅಲ್ಲೇ ಕೋಳಿ ಜಗಳಕ್ಕೆ ನಿಂತರು.

"ಮಾಮಾ, ನೀವು ಬೆರಳ ತಿರುವೂದರಾಗ ಮದಿವಿ ಮುಗದು ತೊಟ್ಟಲಾ ಬರ್ತೈತಿ!"

"ನಿನ್ನ ಗುಂಡೀನ ನಮ್ಮ ಬೆಕ್ಕೂ ಒತ್ತತೈತಿ! ಅದನ್ನೂ ಡೀಜೆ ಅಂತೀಯೇನು?"

"ಬೆಕ್ಕು ಒತ್ತಿದ್ರೂ ತಾಳ ತಪ್ಪೂದಿಲ್ಲ, ಅದ ವಿಶೇಷ!"

ಮೆಣಸಿನಕಾಯಿ ಚೀಲಗಳ ನಡುವಿಂದ ಅಜ್ಜಪ್ಪ ಎದ್ದು ಬಂದರು. ಎರಡು ಸಲ ಸೀನಿ, ತೀರ್ಪು ಹೇಳಿದರು. "ಇವತ್ತ ಅರಿಷಿಣದ ಹೊತ್ತಿಗೆ ಇಬ್ರೂ ಬಾರಿಸ್ರಿ. ನಮ್ಮವ್ವ ಗದಿಗೆವ್ವನ ಕಾಲು ಯಾರಿಗೆ ಕುಣೀತಾವೋ, ನಾಳಿ ಮೆರವಣಿಗಿ ಅವರದು. ಬೀಗರಿಗೆ ನಾನ ಹೇಳ್ತೇನಿ, ನಮ್ಮ ಮನೀ ಡೀಜೆ ಇವರಂತ."

ಸುನೀಲಕುಮಾರನ ಮೈಯೆಲ್ಲ ಜುಮ್ಮೆಂದಿತು. ಬೇಡಿಕೊಂಡ ಮಾತು ಮಾವನ ಬಾಯಲ್ಲೇ ಬಂದಿತ್ತು! ಗದಿಗೆವ್ವ ಕೈಗೆ ಸಿಗುವ ಮುದುಕಿಯಲ್ಲ ಎಂಬುದು ಮಾತ್ರ ಬೇರೆ ಮಾತು. ಕಿವಿ ಮಂದ, ನಾಲಿಗೆ ಚುರುಕು. ಹರೆಯದಲ್ಲಿ ಕೋಲಾಟದಲ್ಲಿ ಊರಿಗೆ ಮುಂದಾಗಿದ್ದವಳು. ಆಮೇಲೆ ಅವಳ ಕಾಲು ಯಾವ ಬ್ಯಾಂಡಿಗೂ ಕದಲಿರಲಿಲ್ಲ.

ಸಂಜೆ ಹಂದರ ತುಂಬಿತು. ಅರಿಷಿಣ ಹಚ್ಚಿಸಿಕೊಂಡ ಭುವನಾ ನಡುವೆ, ಸುತ್ತ ಹೆಣ್ಣುಮಕ್ಕಳು, ಎದುರಿನ ಹೊರಸಿನ ಮೇಲೆ ಹೈಕೋರ್ಟು ಜಡ್ಜಿನ ಗತ್ತಿನಲ್ಲಿ ಗದಿಗೆವ್ವ. ಮೊದಲು ಚೇತನಕುಮಾರ. ಗುಂಡಿ ಒತ್ತಿದ, ಕೈ ಕಟ್ಟಿ ನಿಂತ, ಚಹಾ ತರಿಸಿ ಕುಡಿದ. ಹಾಡುಗಳು ಒಂದರ ಬೆನ್ನಿಗೊಂದು ನುಣ್ಣಗೆ ಬಂದವು. ಹುಡುಗರೆಲ್ಲ ಕುಣಿದೇ ಕುಣಿದರು. ಸುನೀಲಕುಮಾರನಿಗೆ ಎಷ್ಟು ಹುಡುಕಿದರೂ ಒಂದು ತಪ್ಪು ಸಿಗಲಿಲ್ಲ!

ಗದಿಗೆವ್ವ ತಲೆದೂಗಿದಳು. ಕಾಲು ಮಾತ್ರ ಕದಲಲಿಲ್ಲ. "ಚೊಲೋ ಐತಿ," ಎಂದಳು, "ಖರೇ, ಎಲ್ಲೂ ಉಸಿರ ತಗೋವಲ್ದು ನೋಡು."

"ಕೇಳಿದ್ಯಾ? ಉಸಿರು! ಉಸಿರು ಬೇಕು!" ಎಂದು ಕುಣಿದಾಡುತ್ತ ಸುನೀಲಕುಮಾರ ರಣರಂಗಕ್ಕಿಳಿದ. ಹೆಡ್‌ಫೋನು ಒಂದು ಕಿವಿಗೆ ಏರಿತು. ಮೊದಲ ಹಾಡು ಗುಡುಗಿತು, ಜನ ಎದ್ದರು. ಆಹಾ, ಇದು ಕಲೆ! ಎರಡನೆಯ ಹಾಡಿಗೆ ಬೆರಳಿಟ್ಟು, ಕಡ್ಡಿ ಜಾರಿಸಿ, ಒಳಗೆ ಬಿಟ್ಟ.

ಡಬ್ ಡಬಾ ಡಡ್ ಬಡಾ ಡಬ್! ಒಂದು ನೊಗಕ್ಕೆ ಕಟ್ಟಿದ ಎತ್ತುಗಳು ಒಂದು ಹೊಲಕ್ಕೂ ಒಂದು ಹೊಳೆಗೂ ಎಳೆದಂತಾಯಿತು. ಕುಣಿಯುವವರ ಎಡಗಾಲು ಒಂದು ಹಾಡಿಗೆ, ಬಲಗಾಲು ಇನ್ನೊಂದಕ್ಕೆ. ಭುವನಾಳ ಸೋದರಮಾವ ಗುಡದಪ್ಪ ತನ್ನ ಕಾಲಿಗೆ ತಾನೇ ತೊಡರಿ ಅರಿಷಿಣದ ಬೋಗಾಣಿಯಲ್ಲಿ ಕುಳಿತುಬಿಟ್ಟರು.

"ವೋಲ್ಟೇಜ್! ವೋಲ್ಟೇಜ್ ಸರಿ ಇಲ್ಲ!"

"ಮಾಮಾ, ನಂದೂ ಅದ ಲೈನ್ ಐತಿ," ಎಂದ ಚೇತನಕುಮಾರ ತಣ್ಣಗೆ.

"ಕುಣಿಲಾರದಾಕಿ ನೆಲಾ ಡೊಂಕು ಅಂದ್ಲಂತ," ಎಂದಳು ಗದಿಗೆವ್ವ ಹೊರಸಿನಿಂದ. ಹಂದರ ಗೊಳ್ಳೆಂದಿತು. ಅಜ್ಜಪ್ಪ ಮೀಸೆಯ ಮೇಲೆ ಕೈ ಇಟ್ಟು ಬೇರೆ ಕಡೆ ನೋಡಿದರು. ಸುನೀಲಕುಮಾರನಿಗೆ ಕಣ್ಣು ತುಂಬಿ ಬಂದವು. (ಮೆಣಸಿನಕಾಯಿ ಘಾಟು ಎಂದು ಆಮೇಲೆ ಹೇಳಿದ. ಖರೇ ಅಲ್ಲ. ಅಳುವೇ ಬಂದಿತ್ತು.)

ಕುಂಕುಮದ ಬಟ್ಟಲು ಹಿಡಿದು ಓಡಾಡುತ್ತಿದ್ದ ಪುಷ್ಪಲತಾಳಿಗೆ ಗಂಡನ ಆ ಮುಖ ಕಂಡಿತು. ಹತ್ತು ಮಾತು ಆಡಲಿ, ಅವನು ನಗೆಪಾಟಲಾಗುವುದನ್ನು ನೋಡಲು ಅವಳಿಂದ ಆಗಲಿಲ್ಲ. ಬಟ್ಟಲನ್ನು ಪಕ್ಕದವಳ ಕೈಗೆ ಕೊಟ್ಟವಳೇ ಹಿತ್ತಿಲಿಗೆ ಓಡಿ, ನಾಳೆಯ ಊಟಕ್ಕೆ ರೊಟ್ಟಿ ಬಡಿಯುತ್ತಿದ್ದ ಹೆಂಗಸರ ಮುಂದಿನಿಂದ ಒಂದು ಹಲಗೆ, ಒಂದು ಮುದ್ದೆ ಹಿಟ್ಟು ಎತ್ತಿಕೊಂಡು ಬಂದು, ದೊಡ್ಡ ಡಬ್ಬದ ಹಿಂದೆ, ಗಂಡನ ತೆರೆದ ಕಿವಿಯ ಬಗಲಿಗೇ ಕುಳಿತಳು.

"ಏನ ಮಾಡಾಕತ್ತಿ ಇಲ್ಲಿ? ಜನಾ ನೋಡಾಕತ್ತಾರ!"

"ನಿಮ್ಮ ವೋಲ್ಟೇಜ್ ತಂದೇನಿ. ಸುಮ್ಮನ ಹಾಡು ಹಚ್ರಿ."

ಟಪ್ ಟಪ್ ಟಪಟಪ್, ಟಪ್ ಟಪ್ ಟಪಟಪ್. ಸುನೀಲಕುಮಾರನ ಬೆರಳು ಅವನನ್ನು ಕೇಳದೆಯೇ ಕಡ್ಡಿಯ ಮೇಲೆ ಜಾರಿತು. ಎರಡನೆಯ ಹಾಡು ಮೊದಲನೆಯದರ ಹೆಜ್ಜೆಯಲ್ಲಿ ಹೆಜ್ಜೆಯಿಟ್ಟು ಒಳಗೆ ಬಂತು! ಮೂರನೆಯದೂ ಬಂತು, ನಾಲ್ಕನೆಯದೂ! ಪುಷ್ಪಲತಾ ರೊಟ್ಟಿ ತಿರುವಲು ಅರೆಗಳಿಗೆ ನಿಂತಾಗ ಹಾಡೂ ಉಸಿರು ಹಿಡಿದು ನಿಂತು, ಮತ್ತೆ ಟಪ್ ಎಂದಾಗ ಹಾರಿ ಬಂತು. ಹಂದರವೇ ಎದ್ದು ಕುಣಿಯಿತು. ಅರಿಷಿಣ ಮೆತ್ತಿದ ಗುಡದಪ್ಪನವರೂ ಕುಣಿದರು. ಎಲ್ಲರೂ ನೋಡುತ್ತಿದ್ದಂತೆ ಗದಿಗೆವ್ವನ ಕಾಲ್ಬೆರಳು ಅಲುಗಿತು, ಹಿಮ್ಮಡಿ ಎದ್ದಿತು, ಮುದುಕಿ ಹೊರಸು ಬಿಟ್ಟು ಇಳಿದು, ಸೊಂಟದ ಮೇಲೆ ಕೈಯಿಟ್ಟು ಗಿರ್ರನೆ ತಿರುಗಿದಳು!

"ಗೆದ್ದೆ! ಬೆರಳಿನ ವಿದ್ಯೆ ಗೆದ್ದಿತು!" ಎಂದು ಸುನೀಲಕುಮಾರ ಎರಡೂ ಕೈ ಮೇಲೆತ್ತಿದ. ಎರಡೂ ಕೈ ಮೇಲಿದ್ದರೂ ಡಬ್ಬದಿಂದ ಟಪ್ ಟಪ್ ನಿಲ್ಲಲಿಲ್ಲ. ಪ್ರಕಟಣೆಗೆಂದು ತಂದಿದ್ದ ಮೈಕನ್ನು ಆರಿಸದೆ ಅವನೇ ಡಬ್ಬದ ಹಿಂದೆ ಮಲಗಿಸಿದ್ದ. ಅದು ಹಲಗೆಯ ಬಾಜೂಕೇ ಇತ್ತು.

ಗದಿಗೆವ್ವ ಕುಣಿಯುತ್ತ ಕುಣಿಯುತ್ತಲೇ ಡಬ್ಬವನ್ನು ಸುತ್ತಿ ಬಂದು, ಮೊಮ್ಮಗಳ ಹಿಟ್ಟಿನ ಕೈ ಹಿಡಿದು ಎಲ್ಲರೆದುರಿಗೆ ಎಳೆದು ನಿಲ್ಲಿಸಿದಳು. "ನಾ ಅನಕೊಂಡೆ! ಇದು ನಾ ಕಲಿಸಿದ ಕೈ. ಕಿವಿ ಕೇಳಲಿಕ್ರೂ ಕಾಲಿಗೆ ಗುರುತ ಹತ್ತತೈತಿ!"

ಮರುದಿನ ಮೆರವಣಿಗೆಗೆ ಸುನೀಲ ಸೌಂಡ್ಸೇ ಹೋಯಿತು. ಅಜ್ಜಪ್ಪ ಮಾತಿಗೆ ತಪ್ಪುವವರಲ್ಲ. ಬೀಗರನ್ನೆಲ್ಲ ಕರೆದು, ಎದೆಯುಬ್ಬಿಸಿ ಹೇಳಿದರು. "ಇಕಿ ನಮ್ಮ ಹಿರೇ ಮಗಳು ಪುಷ್ಪಲತಾ. ನಮ್ಮ ಮನೀ ಡೀಜೆ. ಇವ್ರು ಅಳ್ಯಾರು… ಅದೇನೋ ವಾಯರ್ ಹಿಡೀತಾರ."

ರಾಣೆಬೆನ್ನೂರಿಗೆ ಬಂದ ಮೇಲೆ ಮದುವೆಯವರಷ್ಟೇ ಅಲ್ಲ, ರೈತಮೇಳ ನಡೆಸುವ ಬೀಜದ ಕಂಪನಿಗಳವರು ಕೂಡ ಫೋನು ಮಾಡತೊಡಗಿದರು. "ಸುನೀಲ ಸೌಂಡ್ಸೇನ್ರಿ? ಅಕ್ಕಾರು ಬರ್ತಾರಲ್ಲಾ?" ಚೇತನಕುಮಾರ ಹಾವೇರಿಯಿಂದ ಬಂದು ಲ್ಯಾಪ್‌ಟಾಪನ್ನೇ ಅಕ್ಕನ ಮುಂದಿಟ್ಟು ಹೋದ. ಸುನೀಲಕುಮಾರ ಗಾಬರಿಯಾದ.

"ನೀನೂ ಗುಂಡಿ ಒತ್ತೀಯೇನು ಪುಷ್ಪಾ? ಅಂಥಾ ಕೈ ಇಟಗೊಂಡು?"

"ಯಾಕೊತ್ತಬಾರದು? ತಾಳ ಮೈಯಾಗ ಇದ್ದಾವ್ರಿಗೆ ಗುಂಡಿ ಕೆಲಸದಾಳು ಇದ್ದಂಗ. ಕೂಡ್ಸೂದು ಅದು ಕೂಡಸ್ಲಿ, ಉಸಿರು ಎಲ್ಲಿ ಹಿಡೀಬೇಕು ನಾ ನೋಡ್ಕೋತೇನಿ. ತಾಳ ಇಲ್ಲದಾವ್ರು ಗುಂಡೀ ಕಂಡ್ರ ಅಂಜತಾರ." ಎಂದವಳೇ ಹೆಡ್‌ಫೋನನ್ನು ಎರಡೂ ಕಿವಿಗೆ ಏರಿಸಿದಳು. "ಲಗೂ ಒಳಗ ನಡೀರಿ. ಸಂಜಿಗೆ ಕಾರ್ಯಕ್ರಮ ಐತಿ, ಇವತ್ತ ರೊಟ್ಟಿ ನಿಮ್ಮವು."

ಆ ಬೆಳಗ್ಗೆ ಸುನೀಲಕುಮಾರ ಬಡಿದ ರೊಟ್ಟಿಗಳಲ್ಲಿ ಒಂದು ಹರಿಯಿತು, ಒಂದು ಹಲಗೆ ಬಿಟ್ಟು ಏಳಲಿಲ್ಲ, ಇನ್ನೊಂದು ಮೇಲೆದ್ದು ಗೋಡೆಗೆ ಹೋಗಿ ಹತ್ತಿತು. ಕಡೆಗೆ ಅವನು ಹಿಟ್ಟಿನ ಕೈಯಲ್ಲೇ ಹಿತ್ತಿಲ ಬಾಗಿಲಿಗೆ ನುಸುಳಿ, ಪಿಸುದನಿಯಲ್ಲಿ ಯೂಸುಫಸಾಬನಿಗೆ ಫೋನು ಹಚ್ಚಿದ.

"ಸಾಬ್ರ, ರೊಟ್ಟಿ ಮಾಡೂ ಮಷಿನ್ ಬಂದಾವಂತಲ್ರಿ… ಹೂಂ, ಗುಂಡಿ ಒತ್ತೂದ… ಒಂದು ತರಸ್ತೀರೇನು?"

ಹೆಗಲ ಮೇಲೆ ಕೈ ಬಿತ್ತು. ತಿರುಗಿದರೆ ಪುಷ್ಪಲತಾ. ಮೊಬೈಲನ್ನು ಮೆಲ್ಲಗೆ ಅವನ ಕೈಯಿಂದ ತೆಗೆದುಕೊಂಡು, ಆರಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಮಷಿನ್ನಿನ ರೊಟ್ಟಿ ರೊಟ್ಟಿ ಅಲ್ರಿ, ರಟ್ಟು," ಎಂದಳು. "ಬೆವರು ಸುರಿಸ್ರಿ. ರುಚಿ ಬರ್ತೈತಿ."