ಅಜ್ಜಿ ತೊಳದ ತ್ರೀಡಿ ಚಸ್ಮಾ

ನಾಲ್ಕು ಮಂದಿ ಮುಂದ ಬಾಯಿ ಬಿಡಬೇಕಂದ್ರ ನನಗ ನಾಲಿಗಿ ಒಣಗತೈತಿ. ಅಂಥಾಕಿ ತಲಿಗೇ ಇಂಥವು ಬಂದು ಬೀಳ್ತಾವ. ಶಾಲಿ ಸೈನ್ಸ್ ಎಕ್ಸಿಬಿಷನ್‌ನಾಗ ಆ್ಯಕ್ಟಿವ್, ಪ್ಯಾಸಿವ್ ಅಂತ ಎಲ್ಡು ನಮೂನಿ ತ್ರೀಡಿ ಕಂಪ್ಯೂಟರ್ ಚಸ್ಮಾ ಹೋಲಿಸಿ ಹೇಳಬೇಕಿತ್ತು. "ಈ ಸಲನೂ ಸುಮ್ನೆ ನಿಂತ್ರ, ಮುಂದ ಚಾರ್ಟ್ ಹಿಡಿಯೋದೊಂದೇ ನಿನ್ನ ಕೆಲಸ" ಅಂದಿದ್ರು ಮೇಡಂ. ಎಲ್ಡಕ್ಕೂ ಬೇಕಾದ ಸ್ಕ್ರೀನೂ ಚಸ್ಮಾನೂ ಆದೋನಿ ಬಜಾರದಾಗ ಕಂಪ್ಯೂಟರ್ ಅಂಗಡಿ ಇಟ್ಟಿರೋ ಚಿಗಪ್ಪ ಮನಿಗೆ ತಂದುಕೊಟ್ಟಿದ್ದ.

೧. ಬೀಗರು ನೋಡಿದ್ದು

ಆ್ಯಕ್ಟಿವ್ ಚಸ್ಮಾದಾಗ ಬ್ಯಾಟರಿ ಇರತೈತಿ. ಒಂದು ಕಣ್ಣು ಮುಚ್ಚಿ ಇನ್ನೊಂದು ತೆಗೀತೈತಿ, ನಮಗ ಗೊತ್ತಾಗದಷ್ಟು ಜಲ್ದಿ. ಆಸ್ಪರಿಯಿಂದ ಅಕ್ಕನ ಮಾವ ಬಂದಿದ್ರು. ಅವರಿಗೆ ಹಾಕಿದೆ.

"ಹೆಂಗೈತ್ರಿ ಮಾವಾರ?"

"ಆಹಾ! ಭಾಳ ಚಂದ ಐತವ್ವಾ."

ಹತ್ತು ನಿಮಿಷ ಹೊಗಳಿದ್ರು. ಆಮ್ಯಾಲೆ ನೋಡಿದ್ರ, ನಾನು ಚಸ್ಮಾದ ಸ್ವಿಚ್ಚೇ ಹಾಕಿರಲಿಲ್ಲ! ಬೀಗರ ಮನಿಯಾಗ ಯಾವುದಕ್ಕೂ ಹೆಸರಿಡಬಾರ್ದಂತ, ಪಾಪ, ಎಲ್ಡೆಲ್ಡು ಮಸುಕು ಚಿತ್ರ ನೋಡ್ಕೋತ ಕುಂತಿದ್ರು. ಸ್ವಿಚ್ ಹಾಕಿದೆ. ಸ್ಕ್ರೀನ್ ಮ್ಯಾಲಿನ ಹತ್ತಿಕಾಯಿ ಮೂಗಿನ ತನಕ ಬಂತು. ಕುರ್ಚಿ ಸಮೇತ ಹಿಂದಕ್ಕ ಸರದು ಅಂದ್ರು:

"ಮೊದ್ಲೇ ಚಲೋ ಇತ್ತಲ್ಲವ್ವಾ."

೨. ಅಜ್ಜಿ ಮಡಿ

ಒಬ್ಬರ ಮುಖಕ್ಕ ಹಾಕ್ಕೊಂಡಿದ್ದು ಇನ್ನೊಬ್ಬರು ಹಾಕ್ಕೊಂಡ್ರ ನಮ್ಮ ಅಜ್ಜಿಗೆ ಆಗಂಗಿಲ್ಲ. ಎಕ್ಸಿಬಿಷನ್ ಹಿಂದಿನ ದಿನ ಎಲ್ಡೂ ಚಸ್ಮಾ ಬಕೀಟಿನಾಗ ಮುಳುಗಿಸಿ, ಸೋಪು ಹಚ್ಚಿ ತೊಳದು, ವಿಭೂತಿ ಗಟ್ಟಿ ಪಕ್ಕ ಒಣಗಾಕ ಇಟ್ಟಿದ್ಲು. ಪ್ಯಾಸಿವ್ ಬರೇ ಪ್ಲಾಸ್ಟಿಕ್ಕು, ಫಳಫಳ ಅನ್ನಾಕತ್ತಿತ್ತು. ಆ್ಯಕ್ಟಿವ್ ಸತ್ತಿತ್ತು.

"ಅಜ್ಜಿ, ಇದರಾಗ ಬ್ಯಾಟರಿ ಇತ್ತು!"

"ಅದಕ್ಕ ಎಲ್ಡು ಸಲ ತೊಳದೀನಿ."

೩. ಜಡ್ಜ್ ಸಾರ್ ಮುಂದ

"ಚೆಪ್ಪಮ್ಮಾ, ಹೇಳು, ಎಲ್ಡರಾಗ ಯಾವುದು ಚಲೋ?" ಅಂತ ಕೇಳಿದ್ರು ಜಡ್ಜ್ ಸಾರ್.

ಬಾಯಿಪಾಠ ಮಾಡಿದ್ದೆಲ್ಲಾ ಹಾರಿಹೋತು. ಮೇಡಂ ನನ್ನ ನೋಡಿದ್ರು, ಆಮ್ಯಾಲೆ ಚಾರ್ಟ್ ನೋಡಿದ್ರು. ಅಷ್ಟರಾಗ ಎಕ್ಸಿಬಿಷನ್ ನೋಡಾಕ ಬಂದಿದ್ದ ಅಜ್ಜಿ ಹಿಂದಿನಿಂದ ಕೂಗಿದ್ಲು:

"ನಾನು ತೊಳದೀನಂತ ಮಾತ್ರ ಹೇಳಬ್ಯಾಡ!"

ಎಲ್ಲಾರೂ ನಕ್ರು. ನಾನೂ ನಕ್ಕೆ. ನಕ್ಕ ಬಾಯಿ ಹಂಗೇ ಮಾತಾಡ್ತು.

"ಸಾರ್, ಆ್ಯಕ್ಟಿವ್‌ನಾಗ ಚಿತ್ರ ಪೂರ್ತಿ ಕಾಣತೈತಿ. ಪ್ಯಾಸಿವ್‌ನಾಗ ಒಂದೊಂದು ಕಣ್ಣಿಗೆ ಚಿತ್ರದ ಅರ್ಧರ್ಧ ಗೆರಿ ಅಷ್ಟೇ. ಆದ್ರ ಗಟ್ಟಿ ಅಂದ್ರ ಪ್ಯಾಸಿವ್ ರೀ."

"ಗಟ್ಟಿ ಅಂತ ಹೆಂಗ್ ಹೇಳ್ತಿ?" ಅಂದು ಸಾರ್ ಪ್ಯಾಸಿವ್ ಚಸ್ಮಾ ಮುಖದ ಹತ್ರ ಒಯ್ದ್ರು.

"ತಡೀರಿ! ಎಷ್ಟು ಮಂದಿ ಹಾಕ್ಕೊಂಡಾರೋ ಏನೋ!" ಅಜ್ಜಿ ಬಂದಾಕಿನೇ ಕಸ್ಕೊಂಡು, ಅವರು ಕುಡಿಯಾಕ ಇಟ್ಕೊಂಡಿದ್ದ ನೀರಿನಾಗ ಅದ್ದಿ, ಸೆರಗಿಲೆ ಒರಸಿ, ತಾನೇ ಅವರ ಮೂಗಿಗೆ ಏರಿಸಿದ್ಲು.

"ಕಾಣತೈತೇನ್ರಿ ಸಾರ್?" ಅಂದೆ.

"ಕಾಣತೈತಿ."

"ಗಟ್ಟಿ ಅಂತ ಹಿಂಗ್ ಹೇಳ್ತೀನ್ರಿ."