ಕರೆಂಟ್ ಹೋದರೆ ಕಚೇರಿ

ಇಡೀ ಬನಹಟ್ಟಿಯಲ್ಲಿ ಕರೆಂಟ್ ಹೋದರೆ ಹಿಗ್ಗುತ್ತಿದ್ದ ಪ್ರಾಣಿ ಒಂದೇ ಒಂದು, ಅದು ನಮ್ಮ ಸೋದರಮಾವ! ಮಗ್ಗಗಳ ಖಟಪಟ ನಿಂತು, ನಾವು ನೇಕಾರರು ಲೈನ್‌ಮನ್‌ನ ವಂಶ ಜಾಲಾಡುತ್ತ ಹೊರಗೆ ಬರುವಷ್ಟರಲ್ಲಿ ಮಾವ ಓಣಿಯ ಕಟ್ಟೆಯ ಮೇಲೆ ಹಾರ್ಮೋನಿಯಂ ಪೇಟಿ ಬಿಚ್ಚಿಕೊಂಡು ಕೂತಿರುತ್ತಿದ್ದರು.

ನಾನು ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವನು. ಆದರೆ ನನ್ನ ಸೀರೆಯಲ್ಲಿ ಒಂದು ಎಳೆ ತಪ್ಪಿದ್ದರೆ ತೋರಿಸಿ, ಮೀಸೆ ಬೋಳಿಸುತ್ತೇನೆ! ಅಂಥವನ ಮಾವ ಬೀದಿಯಲ್ಲಿ ಕೂತು ಹಾಡುವುದೆಂದರೆ?

"ಮಾವಾ, ಗುಡಿಯಾಗ ಹಾಡ್ರಿ. ಮರ್ಯಾದಿ ಇರತೈತಿ."

"ಗುಡಿಯಾಗ ಮಂದಿ ಪ್ರಸಾದಕ್ಕ ಕುಂತಿರತಾರಲೇ. ಓಣ್ಯಾಗ ಕುಂತಾಂವ ಹಾಡಿಗೇ ಕುಂತಿರತಾನ."

"ನಾವು ಕರೆಂಟ್ ಇಲ್ಲಂತ ಕುಂತೇವ್ರಿ!"

"ಕುಂತೀರಿಲ್ಲೋ? ಅಷ್ಟ ಸಾಕು!"

ಒಮ್ಮೆ ತೇರದಾಳದ ನೂಲಿನ ವ್ಯಾಪಾರಿಯೊಬ್ಬರು ಕನಿಕರದಿಂದ ಪೇಟಿಯ ಮೇಲೆ ನೋಟು ಇಟ್ಟು ಹೊರಟರು. ಮಾವ ನೋಟನ್ನು ಅವರ ಜೇಬಿಗೇ ತುರುಕಿ, "ರೊಕ್ಕ ಬ್ಯಾಡ್ರಿ, ಕುಂತು ಕೇಳ್ರಿ" ಎಂದು ಕೈ ಹಿಡಿದು ಕೂರಿಸಿಕೊಂಡರು. ಪಾಪ, ಅವರ ಬಸ್ಸು ತಪ್ಪಿತು!

ಹಾಡುತ್ತಿದ್ದುದೋ, ತಾವೇ ಕಟ್ಟಿದ ಒಂದೇ ಪದ. ಅದಕ್ಕೆ ನಾಲ್ಕು ನುಡಿಗಳಿವೆಯಂತೆ. ‘ಅಂತೆ’ ಏಕೆಂದರೆ ನಾಲ್ಕನೆಯದನ್ನು ಯಾರೂ ಕೇಳಿಲ್ಲ! ಆಲಾಪಕ್ಕೇ ಅರ್ಧ ತಾಸು ಬೇಕು. ಮೂರನೆಯ ನುಡಿಗೆ ಬರುವಷ್ಟರಲ್ಲಿ ಕರೆಂಟ್ ಬಂದು ನಾವೆಲ್ಲ ಮಗ್ಗಕ್ಕೆ ಓಡುತ್ತಿದ್ದೆವು. ಕರೆಂಟ್ ತಾಸುಗಟ್ಟಲೆ ಹೋದ ದಿನ ಉಣ್ಣಲು ಮನೆ ಸೇರುತ್ತಿದ್ದೆವು.

"ಮಾವಾ, ಇವತ್ತ ಕಡೇ ನುಡಿಯಿಂದ ಶುರು ಮಾಡ್ರಲ್ಲ!"

"ನೀ ಸೀರಿ ನಟ್ಟನಡುವಿಂದ ನೇಯ್ತಿಯೇನಲೇ?"

ಆಲಮಟ್ಟಿ ಡ್ಯಾಮಿನಲ್ಲಿ ಕರೆಂಟ್ ತಯಾರಾಗತೊಡಗಿದಾಗ ಓಣಿಯವರು ಪೇಢೆ ಹಂಚಿದರು. ಮಾವ ಪೇಢೆ ಬಾಯಿಗೆ ಹಾಕಿಕೊಂಡೇ ಗೋಳಾಡಿದರು: "ಮುಗೀತಲೇ ನನ್ನ ಕಚೇರಿ! ಆ ನುಡಿ ನನ್ನ ಹೊಟ್ಟ್ಯಾಗ ಉಳೀತು!" ಸುಳ್ಳು ಚಿಂತೆ. ಮರುದಿನವೇ ಕರೆಂಟ್ ಹೋಯಿತು.

ವರ್ಷಗಳು ಕಳೆದವು. ಮಾವನ ದನಿ ಸಣ್ಣಗಾಯಿತು. ಒಂದು ಸಂಜೆ ಕಣ್ಣು ಮುಚ್ಚಿ ಮೂರನೆಯ ನುಡಿ ಮುಗಿಸುತ್ತಿದ್ದರು, ಅವರ ತಲೆಯ ಮೇಲಿನ ಬಲ್ಬು ಫಕ್ಕನೆ ಹತ್ತಿತು. ಎಲ್ಲರಿಗಿಂತ ಮೊದಲು ಎದ್ದವನು ನಾನೇ. ಎದುರುಮನೆಯ ಅಜ್ಜಿ ನನ್ನ ಅಂಗಿ ಹಿಡಿದೆಳೆದಳು.

"ಕುಂದರಲೇ ಖೋಡಿ! ನಾಕನೇ ನುಡಿ ಐತೋ ಇಲ್ಲೋ, ಇವತ್ತ ನೋಡೇ ಬಿಡೂಣು!"

ಕೂತೆ. ಇಡೀ ಓಣಿ ಬಾಯಿಗೆ ಸೆರಗು, ಟವೆಲ್ಲು ಒತ್ತಿಕೊಂಡು ನಗು ತಡೆಯುತ್ತ ಕೂತಿತು. ಒಂದು ಮಗ್ಗವೂ ಸದ್ದು ಮಾಡಲಿಲ್ಲ.

ನುಡಿ ಇತ್ತು! ಪದ ಕಟ್ಟಿದವರು ಕೊನೆಗೆ ಗುರುವಿನ ಹೆಸರನ್ನೋ ದೇವರ ಹೆಸರನ್ನೋ ಸೇರಿಸುತ್ತಾರಲ್ಲ, ಆ ಜಾಗದಲ್ಲಿ ಮಾವ ಇಟ್ಟಿದ್ದು ತೀರಿಕೊಂಡ ತಮ್ಮ ಹೆಂಡತಿಯ, ಅಂದರೆ ನಮ್ಮ ಅತ್ತೆಯ ಹೆಸರನ್ನು. ಇದೇ ಕಟ್ಟೆಯ ಮೇಲೆ ಕೂತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಲೇ ಸವೆದು ಹೋದವಳು. ಮಗ್ಗದ ಸದ್ದಿನಲ್ಲಿ ಅವಳ ಒಂದು ಮಾತನ್ನೂ ನಾವು ನೆಟ್ಟಗೆ ಕೇಳಿಸಿಕೊಂಡವರಲ್ಲ.

ಯಾರೂ ನಗಲಿಲ್ಲ.

ಮಾವ ಕಣ್ಣು ತೆರೆದರು. ಉರಿಯುತ್ತಿದ್ದ ಬಲ್ಬು ನೋಡಿದರು, ಕೂತಿದ್ದ ನಮ್ಮನ್ನು ನೋಡಿದರು.

"ಕರೆಂಟ್ ಯಾವಾಗ ಬಂತಲೇ?"

"ಈಗ ಬಂತ ನೋಡ್ರಿ, ಮಾವಾ" ಎಂದೆ.